ಸಾರಲು ಬೇಕಾದವರು, ಮುಚ್ಚಿದಾಗ ಮರೆತವರು

ಜರ್ಮನಿಯ ಒಬೆರಾಮರ್ಗಾವ್ ಎಂಬ ಹಳ್ಳಿ 1633ರಲ್ಲಿ ಪ್ಲೇಗಿಗೆ ತುತ್ತಾಗಿತ್ತು. ರೋಗ ತೊಲಗಿದರೆ ಯೇಸುವಿನ ಕೊನೆಯ ದಿನಗಳ ನಾಟಕವಾಡುವೆವೆಂದು ಊರವರು ಹರಕೆ ಹೊತ್ತರು. 1634ರಲ್ಲಿ ಆರಂಭವಾದ ಆ ಪ್ರಯೋಗ ಮುಂದೆ ಹತ್ತು ವರ್ಷಗಳಿಗೊಮ್ಮೆ ನಡೆಯುವ ಸಂಪ್ರದಾಯವಾಯಿತು. ಸಾಂಕ್ರಾಮಿಕದಿಂದ ಹುಟ್ಟಿದ ಆ ನಾಟಕವನ್ನು 2020ರಲ್ಲಿ ಮತ್ತೊಂದು ಸಾಂಕ್ರಾಮಿಕವೇ ತಡೆಯಿತು; ಅದು ನಡೆದದ್ದು 2022ರಲ್ಲಿ. ಹರಕೆಗಿಂತ ಪ್ರಾಣ ದೊಡ್ಡದೆಂದು ಆ ಊರು ತಿಳಿದದ್ದು ಮೆಚ್ಚತಕ್ಕ ಸಂಗತಿ.

ಆದರೆ ಅಲ್ಲಿ ಪಾತ್ರ ವಹಿಸುವವರು ಊರವರೇ. ಬಹುಮಂದಿಗೆ ಬೇರೆ ಉದ್ಯೋಗವಿದೆ. ನಮ್ಮ ವೃತ್ತಿ ನಾಟಕ ಕಂಪನಿಗಳ ಸ್ಥಿತಿ ಹಾಗಲ್ಲ. ಬಾದಾಮಿಯ ಬನಶಂಕರಿ, ಶಿರಸಿಯ ಮಾರಿಕಾಂಬೆಯಂತಹ ಜಾತ್ರೆಗಳಲ್ಲಿ ಮುಕ್ಕಾಂ ಹೂಡಿ, ಅಂದಂದಿನ ಟಿಕೆಟ್ ಹಣದಿಂದಲೇ ನಟನಟಿಯರು, ವಾದ್ಯಗಾರರು, ಪರದೆ ಎಳೆಯುವವರು ಎಲ್ಲರ ಒಲೆ ಉರಿಯಬೇಕು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದದ್ದು ಜಾತ್ರೆಗಳ ಸುಗ್ಗಿಯಲ್ಲಿಯೇ.

ನಾಟಕ ನಿಲ್ಲಿಸಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಜನ ಒತ್ತಾಗಿ ಕೂರುವುದು ರಂಗಭೂಮಿಯ ಬಲ. ರೋಗಕ್ಕೂ ಅದೇ ದಾರಿ. ನಮ್ಮ ಆಕ್ಷೇಪ ಬೇರೆ. ಪೋಲಿಯೊ ಹನಿಯಿಂದ ಏಡ್ಸ್‌ವರೆಗೆ ಆರೋಗ್ಯದ ಅರಿವು ಮೂಡಿಸಲು ಬೀದಿನಾಟಕದವರನ್ನೂ ಜನಪದ ಗಾಯಕರನ್ನೂ ಇಲಾಖೆಗಳು ಕರೆಯುತ್ತವೆ. ಅದೇ ಬಳಗ ರಂಗವಿಲ್ಲದೆ ಕುಳಿತಾಗ, 2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಕಲಾವಿದರಿಗೆ ಘೋಷಿಸಿದ ನೆರವು ತಲಾ 3,000 ರೂಪಾಯಿ, ಅದೂ ಒಂದೇ ಸಲ. ಒಂದು ಸಂಸಾರದ ತಿಂಗಳ ದಿನಸಿಗೂ ಅದು ಸಾಲದು.

ಸರ್ಕಾರವನ್ನಷ್ಟೇ ದೂರಿ ಸುಮ್ಮನಾಗುವಂತಿಲ್ಲ. ಜಾತ್ರೆಯಲ್ಲಿ ನಾಟಕದ ಡೇರೆಗೆ ಜಾಗ ಕೊಟ್ಟು ಬಾಡಿಗೆ ಪಡೆಯುವ ಸಮಿತಿಗಳಲ್ಲಿ ಭಕ್ತರೂ ಇದ್ದಾರೆ. ಆ ಬಾಡಿಗೆಯ ಒಂದು ಪಾಲನ್ನು ಇಂತಹ ಕಾಲಕ್ಕೆಂದು ಕಲಾವಿದರ ಹೆಸರಿನಲ್ಲಿ ತೆಗೆದಿರಿಸುವ ಠರಾವನ್ನು ಮುಂದಿನ ಜಾತ್ರೆಯೊಳಗೇ ಮಾಡಬೇಕೆಂದು ಅವರನ್ನು ಕೋರುತ್ತೇವೆ.