ಕೆಲಸ ಕಲಿಸಿದವರ ಋಣ



ತಂದೆ-ತಾಯಿಯ ಹಕ್ಕು, ಬಂಧುಗಳ ಹಕ್ಕು, ನೆರೆಯವರ ಹಕ್ಕು ಇವುಗಳ ಬಗ್ಗೆ ನಾವು ಬಹಳಷ್ಟು ಕೇಳಿದ್ದೇವೆ. ಆದರೆ ನಮಗೆ ಕೆಲಸ ಕಲಿಸಿದವರು? ಹೊಲಿಗೆ ಯಂತ್ರದ ಮುಂದೆ ಕುಳ್ಳಿರಿಸಿ ಬಟ್ಟೆ ಕತ್ತರಿಸಲು ಕಲಿಸಿದಾಕೆ, ಆಸ್ಪತ್ರೆಯಲ್ಲಿ ಹೊಸ ನರ್ಸ್‌ನ ಪಕ್ಕದಲ್ಲಿ ನಿಂತು ಧೈರ್ಯ ತುಂಬಿದ ಹಿರಿಯ ಸಿಸ್ಟರ್, ಶಾಲೆಯಲ್ಲಿ ಕೈ ಹಿಡಿದು ನಡೆಸಿದ ಹಿರಿಯ ಶಿಕ್ಷಕಿ. ಇವರು ನಮ್ಮ ರಕ್ತ ಸಂಬಂಧಿಗಳಲ್ಲ. ನಿವೃತ್ತಿಯ ದಿನ ಶಾಲು ಹೊದಿಸಿ, ಫೋಟೋ ತೆಗೆದು ಬೀಳ್ಕೊಡುತ್ತೇವೆ. ಆಮೇಲೆ ಜಗಳವಿಲ್ಲ, ಮನಸ್ತಾಪವಿಲ್ಲ, ಆದರೂ ಸಂಬಂಧ ತಾನಾಗಿಯೇ ಸಡಿಲವಾಗುತ್ತದೆ. ಒಂದು ದಿನ ಮರಣ ವಾರ್ತೆ ಬರುತ್ತದೆ.

ಅಂತಹ ವಾರ್ತೆ ನನಗೂ ಬಂತು. ನಾನು ಶಾಲೆಗೆ ಹೊಸದಾಗಿ ಸೇರಿದಾಗ ಅಲ್ಲೊಬ್ಬರು ಹಿರಿಯ ಶಿಕ್ಷಕಿಯಿದ್ದರು. ಮಕ್ಕಳೂ ನಾವೂ ಅವರನ್ನು 'ದೊಡ್ಡ ಟೀಚರ್' ಎಂದೇ ಕರೆಯುತ್ತಿದ್ದೆವು. ಉಪದೇಶ ಮಾಡುವುದು ಅವರ ಸ್ವಭಾವವಾಗಿರಲಿಲ್ಲ. ಮಾಡಿ ತೋರಿಸುತ್ತಿದ್ದರು.

ಮನೆಯಲ್ಲಿ ಉರ್ದು ಮಾತನಾಡುವ ಮಗು 'ಮಳೆ'ಯನ್ನು 'ಮಲೆ' ಎಂದು ಬರೆದರೆ ಅವರು ಕೆಂಪು ಗೆರೆ ಎಳೆಯುತ್ತಿರಲಿಲ್ಲ. "ಉರ್ದುವಿನಲ್ಲಿ ಳಕಾರವೇ ಇಲ್ಲವಲ್ಲ, ಮಗು ಎಲ್ಲಿಂದ ತರಬೇಕು? ಮೊದಲು ಕಿವಿಗೆ ಕಲಿಸಿ, ಆಮೇಲೆ ಕೈಗೆ" ಎನ್ನುತ್ತಿದ್ದರು. ಮಗುವನ್ನು ಬಳಿಗೆ ಕರೆದು ನಾಲಿಗೆ ಮಡಚಿ ಬಾಳೆ, ಹೊಳೆ, ಹಳ್ಳಿ ಎಂದು ಹತ್ತು ಸಲ ಹೇಳಿಸುತ್ತಿದ್ದರು.

ಹಾಜರಿ ಪುಸ್ತಕವನ್ನು ಓದಲು ಕಲಿಸಿದವರೂ ಅವರೇ. ಒಬ್ಬಳು ಹುಡುಗಿ ವಾರಕ್ಕೊಂದು ನಿರ್ದಿಷ್ಟ ದಿನ ಗೈರುಹಾಜರಾಗುತ್ತಿದ್ದಳು. ಬೆತ್ತ ಹಿಡಿಯುವ ಬದಲು ದೊಡ್ಡ ಟೀಚರ್ ಸಂಜೆ ಅವಳ ಮನೆಗೆ ಹೋದರು. ತಾಯಿ ಬೀಡಿ ಕಟ್ಟುವವರು. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಟ್ಟು ಬರುವ ದಿನ ಹಸುಗೂಸನ್ನು ನೋಡಿಕೊಳ್ಳಲು ಈ ಹುಡುಗಿ ಬೇಕಿತ್ತು. ಟೀಚರ್ ಪಕ್ಕದ ಮನೆಯ ಅಜ್ಜಿಯೊಂದಿಗೆ ಮಾತನಾಡಿದರು. ಮುಂದಿನ ವಾರದಿಂದ ಮಗು ಅಜ್ಜಿಯ ಮಡಿಲಲ್ಲಿ, ಹುಡುಗಿ ತರಗತಿಯಲ್ಲಿ. ಇದು ಯಾವ ತರಬೇತಿ ಪುಸ್ತಕದಲ್ಲಿದೆ?

ನಿವೃತ್ತಿಯ ನಂತರ ಅವರು ಮಗನೊಂದಿಗೆ ದೂರದ ಊರಿಗೆ ಹೋದರು. ಒಂದು ರಜೆಯಲ್ಲಿ ಒಟ್ಟಿಗೆ ಕುಳಿತು ಅವರ ಅನುಭವಗಳನ್ನು ಬರೆದಿಡೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದೆವು. ರಜೆ ಬರುವ ಮೊದಲೇ ಅವರ ಕಾಯಿಲೆ ಉಲ್ಬಣಿಸಿತು, ಅದರ ಹಿಂದೆಯೇ ಅಲ್ಲಾಹನ ಕರೆ. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಮೂವತ್ತು ವರ್ಷಗಳ ಅನುಭವದಲ್ಲಿ ನನ್ನ ಬಳಿ ಉಳಿದಿರುವುದು ಇಂತಹ ನಾಲ್ಕಾರು ತುಣುಕುಗಳು ಮಾತ್ರ. ಮಿಕ್ಕಿದ್ದೆಲ್ಲ ಅವರೊಂದಿಗೇ ಹೋಯಿತು. ಆ ಸಂಕಟ ಈಗಲೂ ಇದೆ.

ಹಿರಿಯರು ಬದುಕಿರುವಾಗಲೇ ಅವರ ಬಳಿ ಹೋಗಬೇಕೆಂಬುದನ್ನು ಇಬ್ನು ಅಬ್ಬಾಸ್(ರ)ರ ಬದುಕು ನಮಗೆ ತೋರಿಸಿಕೊಡುತ್ತದೆ. ಕ್ರಿ.ಶ. 632ರಲ್ಲಿ ಪ್ರವಾದಿವರ್ಯರು(ಸ) ನಿಧನರಾದಾಗ ಅವರಿಗೆ ಸುಮಾರು 13 ವರ್ಷ. ಸಹಾಬಿಗಳು ಈಗ ಬಹಳ ಮಂದಿ ಇದ್ದಾರೆ, ಬಾ, ಅವರಿಂದ ಕೇಳಿ ಕಲಿಯೋಣ ಎಂದು ಅವರು ಒಬ್ಬ ಅನ್ಸಾರಿ ಗೆಳೆಯನನ್ನು ಕರೆದರು. ಇಷ್ಟೆಲ್ಲ ಹಿರಿಯರಿರುವಾಗ ನಿನ್ನ ಬಳಿ ಯಾರು ಕೇಳಲು ಬರುತ್ತಾರೆ ಎಂದು ಗೆಳೆಯ ಸುಮ್ಮನಾದ. ಇಬ್ನು ಅಬ್ಬಾಸ್(ರ) ಮಾತ್ರ ಮನೆಮನೆಗೆ ಹೋದರು. ಮಧ್ಯಾಹ್ನ ಆ ಸಹಾಬಿ ಮಲಗಿದ್ದರೆ ಬಾಗಿಲು ತಟ್ಟದೆ, ಮೇಲುಹೊದಿಕೆಯನ್ನೇ ತಲೆದಿಂಬಾಗಿಸಿ ಹೊಸ್ತಿಲಲ್ಲಿ ಕಾಯುತ್ತಿದ್ದರು. ಗಾಳಿ ಮುಖಕ್ಕೆ ಧೂಳು ಎರಚುತ್ತಿತ್ತು. ವರ್ಷಗಳ ಬಳಿಕ ಜನರು ಅವರ ಸುತ್ತ ನೆರೆದುದನ್ನು ಕಂಡ ಆ ಗೆಳೆಯ, ಈ ಯುವಕ ನನಗಿಂತ ಬುದ್ಧಿವಂತನೆಂದು ಒಪ್ಪಿಕೊಂಡ.

ಇನ್ನು, ಅಗಲಿ ಹೋದವರಿಗಾಗಿ ನಾವೇನು ಮಾಡಬಹುದು? ಖದೀಜಾ(ರ)ರ ಮರಣದ ನಂತರವೂ ಪ್ರವಾದಿ(ಸ)ರು ಆಡು ಕೊಯ್ದಾಗ ಅವರ ಗೆಳತಿಯರ ಮನೆಗೆ ಮಾಂಸ ಕಳುಹಿಸುತ್ತಿದ್ದರು. ನೆನಪು ಕೊಡುಗೆಯಾಗಿ ಗೆಳತಿಯರ ಮನೆ ಸೇರುತ್ತಿತ್ತು. ಮನುಷ್ಯನ ಮರಣದ ನಂತರವೂ ಮುಂದುವರಿಯುವ ಮೂರು ಕರ್ಮಗಳಲ್ಲಿ ಜನರಿಗೆ ಉಪಯೋಗವಾಗುವ ಜ್ಞಾನವೂ ಒಂದೆಂದು ಹದೀಸ್ ತಿಳಿಸುತ್ತದೆ. ಹಾಗಾದರೆ ಇಂದು ನಮ್ಮ ಶಾಲೆಯಲ್ಲಿ ಒಂದು ಮಗು 'ಮಳೆ' ಎಂದು ಸರಿಯಾಗಿ ಹೇಳಿದರೆ ಅದರ ಪಾಲು ದೊಡ್ಡ ಟೀಚರಿಗೂ ಸಲ್ಲುವುದೆಂಬ ನಿರೀಕ್ಷೆ ನನ್ನದು. ಹೊಸದಾಗಿ ಸೇರುವ ಶಿಕ್ಷಕಿಯರಿಗೆ ಹಾಜರಿ ಪುಸ್ತಕವನ್ನು ತೋರಿಸುವಾಗ, ಇದನ್ನು ಕಲಿಸಿದವರು ಯಾರೆಂದೂ ಹೇಳುತ್ತೇನೆ.

ಸಹೋದರಿಯರೇ, ನಿಮಗೆ ಕೆಲಸ ಕಲಿಸಿದವರು ಬದುಕಿದ್ದರೆ ನೀವು ಅದೃಷ್ಟವಂತರು. ಹಬ್ಬ, ಮದುವೆಗಾಗಿ ಕಾಯಬೇಡಿ. ಈ ವಾರವೇ ಹೋಗಿ, ಹೋಗಲಾಗದಿದ್ದರೆ ಫೋನ್ ಮಾಡಿ. ಕ್ಷೇಮ ವಿಚಾರಿಸಿದ ಬಳಿಕ ಒಂದು ಪ್ರಶ್ನೆಯನ್ನೂ ಕೇಳಿ: "ಟೀಚರ್, ಆ ಕೆಲಸವನ್ನು ನೀವು ಹೇಗೆ ಮಾಡುತ್ತಿದ್ದಿರಿ?" ವಯಸ್ಸಾದವರಿಗೆ ಹಣ್ಣು-ಹಂಪಲಿಗಿಂತ ಹೆಚ್ಚು ಸಂತೋಷ ಕೊಡುವುದು ಇಂತಹ ಪ್ರಶ್ನೆ. ಮನೆಗೆ ಬಂದು ಅದನ್ನು ಬರೆದಿಡಿ.

ನಮಗೆ ಕಲಿಸಿ ಅಗಲಿದ ಎಲ್ಲರ ಕಬರನ್ನು ಅಲ್ಲಾಹನು ಬೆಳಗಿಸಲಿ. ಆಮೀನ್.