ಬಾರದೆ ಉಳಿದ ದುರಸ್ತಿ

ಮಲೆನಾಡಿನಲ್ಲಿ ಹೆಂಚಿನ ಮನೆಯುಳ್ಳವರು ಮಳೆಗಾಲಕ್ಕೆ ಮುನ್ನ ಒಮ್ಮೆ ಛಾವಣಿಯನ್ನು ಹತ್ತಿ ನೋಡುತ್ತಾರೆ. ಮಂಗಗಳು ಓಡಾಡಿ ಸರಿಸಿದ ಹೆಂಚುಗಳನ್ನು ಜೋಡಿಸಿ, ಒಡೆದವನ್ನು ತೆಗೆದು ಹೊಸದನ್ನು ಇಡುತ್ತಾರೆ. ಮನೆ ಕಟ್ಟಿದವನು ಎಷ್ಟೇ ನಿಪುಣನಾಗಿದ್ದರೂ ಈ ಕೆಲಸ ತಪ್ಪಿದ್ದಲ್ಲ. ಇಂದು ನಮ್ಮ ಕಿಸೆಗಳಲ್ಲಿರುವ ಸ್ಮಾರ್ಟ್‌ಫೋನಿನ ಸ್ಥಿತಿಯೂ ಇದೇ. ಅದನ್ನು ನಡೆಸುವ ತಂತ್ರಾಂಶದಲ್ಲಿ ಲಕ್ಷಗಟ್ಟಲೆ ಸಾಲುಗಳ ಆದೇಶಗಳಿವೆ. ಅವನ್ನು ಬರೆದವರು ಮನುಷ್ಯರೇ ಆದ್ದರಿಂದ ಅಲ್ಲಲ್ಲಿ ತಪ್ಪುಗಳು ಉಳಿದೇ ಇರುತ್ತವೆ. ಪರರು ಒಳನುಗ್ಗಲು ಎಡೆಗೊಡುವಂಥ ತಪ್ಪಿಗೆ ಭದ್ರತಾ ದೋಷವೆಂದು ಹೆಸರು. ಅದನ್ನು ಮುಚ್ಚಲು ತಯಾರಕರು ಕಳುಹಿಸುವ ತಿದ್ದುಪಡಿಯೇ ಅಪ್‌ಡೇಟ್. ಆದರೆ ಒಂದು ವ್ಯತ್ಯಾಸವುಂಟು. ಒಡೆದ ಹೆಂಚನ್ನು ನಾವೇ ಬದಲಿಸಬಹುದು. ಫೋನಿನ ಬಿರುಕನ್ನು ಮುಚ್ಚಲು ಅದನ್ನು ಮಾಡಿದವರೇ ಬರಬೇಕು. ಅವರು ಬಾರದಿದ್ದರೆ?

2015ರಲ್ಲಿ ಜಗತ್ತು ಈ ಪ್ರಶ್ನೆಯನ್ನು ಎದುರಿಸಿತು. ಆಂಡ್ರಾಯ್ಡ್ ಫೋನುಗಳಲ್ಲಿ ವಿಡಿಯೊ ಹಾಗೂ ಧ್ವನಿಯ ಕಡತಗಳನ್ನು ಓದುವ ಭಾಗವೊಂದಿತ್ತು. ಅದರ ಹೆಸರು ಸ್ಟೇಜ್‌ಫ್ರೈಟ್, ಅಂದರೆ ಸಭಾಕಂಪ. ಹೆಸರಿಟ್ಟವರಿಗೆ ಮುಂದಿನದರ ಸುಳಿವಿತ್ತೋ ಏನೋ! ಜಿಂಪೇರಿಯಂ ಎಂಬ ಭದ್ರತಾ ಸಂಸ್ಥೆಯ ಸಂಶೋಧಕ ಜೋಶುವಾ ಡ್ರೇಕ್ ಇದರಲ್ಲಿ ಹಲವು ದೋಷಗಳನ್ನು ಕಂಡುಹಿಡಿದರು. ಅವುಗಳ ಬಗೆಯನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಮೂರು ಅಂಕೆಗಳನ್ನಷ್ಟೇ ತೋರಿಸಬಲ್ಲ ಎಣಿಕೆಯ ಯಂತ್ರವೊಂದಿದೆ ಎನ್ನಿ. 999 ದಾಟಿದೊಡನೆ ಅದು 000ಕ್ಕೆ ಮರಳುತ್ತದೆ. ಒಬ್ಬನು 1002 ಸೇರು ಭತ್ತ ತಂದಿದ್ದೇನೆಂದರೆ ಯಂತ್ರಕ್ಕೆ ಕಾಣುವುದು 2 ಮಾತ್ರ. ಕಣಜದಲ್ಲಿ ಎರಡು ಸೇರಿನ ಜಾಗವನ್ನು ಬಿಟ್ಟುಕೊಡುತ್ತಾರೆ. ಬಂದವನು ಸಾವಿರದೆರಡು ಸೇರನ್ನೂ ಸುರಿಯುತ್ತಾನೆ. ಕಾಳು ಪಕ್ಕದ ಕೋಣೆಗಳಿಗೆಲ್ಲ ಚೆಲ್ಲುತ್ತದೆ. ಫೋನಿನ ಸ್ಮರಣೆಯಲ್ಲಿ ಹೀಗೆ ಚೆಲ್ಲುವುದು ಭತ್ತವಲ್ಲ, ಕಳ್ಳನ ಆದೇಶಗಳು. ಅಂಥ ಕುಟಿಲ ಅಳತೆಯ ವಿಡಿಯೊವೊಂದನ್ನು ಸಂದೇಶವಾಗಿ ಕಳುಹಿಸಿದರೆ ಸಾಕಿತ್ತು. ಎಷ್ಟೋ ಫೋನುಗಳು ಅದನ್ನು ತಾವೇ ತರಿಸಿಕೊಂಡು ಓದುತ್ತಿದ್ದುದರಿಂದ, ಒಡೆಯನು ನಿದ್ರಿಸುತ್ತಿದ್ದರೂ ಕಳ್ಳನ ಕೆಲಸ ನಡೆದುಹೋಗಬಹುದಾಗಿತ್ತು. ಸುಮಾರು 95 ಕೋಟಿ ಫೋನುಗಳಲ್ಲಿ ಈ ದೋಷವಿದೆಯೆಂದು ಸಂಸ್ಥೆಯು ಅಂದಾಜು ಮಾಡಿತು.

ಡ್ರೇಕ್ ಅವರು ದೋಷಗಳನ್ನಷ್ಟೇ ಅಲ್ಲ, ತಿದ್ದುಪಡಿಗಳನ್ನೂ ಗೂಗಲ್ ಕಂಪನಿಗೆ ಕಳುಹಿಸಿದ್ದರು. ಕಂಪನಿ ಅವನ್ನು ಬೇಗನೆ ಅಂಗೀಕರಿಸಿತು. ಆದರೂ ಜುಲೈ ತಿಂಗಳಲ್ಲಿ ಸುದ್ದಿ ಬಹಿರಂಗವಾದಾಗ ಬಹುತೇಕ ಫೋನುಗಳಿಗೆ ಅವು ತಲುಪಿರಲಿಲ್ಲ. ಕಾರಣವಿಷ್ಟೆ: ಆಂಡ್ರಾಯ್ಡನ್ನು ಸಿದ್ಧಪಡಿಸುವವರು ಒಬ್ಬರು, ಅದನ್ನು ತಮಗೊಗ್ಗುವಂತೆ ಮಾರ್ಪಡಿಸಿ ಫೋನು ಮಾರುವವರು ಹಲವರು. ಮೊದಲನೆಯವರು ಕೊಟ್ಟ ತಿದ್ದುಪಡಿಯನ್ನು ಎರಡನೆಯವರು ಪ್ರತಿಯೊಂದು ಮಾದರಿಗೂ ಹೊಂದಿಸಿ, ಪರೀಕ್ಷಿಸಿ ಕಳುಹಿಸಬೇಕು. ಮಾರಿ ಮುಗಿದ ಫೋನಿಗಾಗಿ ಇಷ್ಟು ಶ್ರಮಪಡುವವರು ಯಾರು? ಮದ್ದು ಸಿದ್ಧವಾಗಿತ್ತು, ರೋಗಿಯ ಮನೆಗೆ ಬರಲಿಲ್ಲ. ಈ ಪೆಟ್ಟು ಬಿದ್ದ ಮೇಲೆಯೇ, ಅದೇ ಆಗಸ್ಟ್‌ನಲ್ಲಿ, ಗೂಗಲ್ ತಿಂಗಳಿಗೊಮ್ಮೆ ಭದ್ರತಾ ತಿದ್ದುಪಡಿ ಹೊರಡಿಸುವ ಪದ್ಧತಿಯನ್ನು ಆರಂಭಿಸಿತು.

ದುರಸ್ತಿಯು ತ್ವರಿತವಾಗಿ ಬರಲು ಸಾಧ್ಯವಿಲ್ಲವೆ? ಉಂಟು. 2016ರ ಆಗಸ್ಟ್ 10ರಂದು ಸಂಯುಕ್ತ ಅರಬ್ ಎಮಿರೇಟ್ಸ್‌ನ ಮಾನವ ಹಕ್ಕುಗಳ ಹೋರಾಟಗಾರ ಅಹ್ಮದ್ ಮನ್ಸೂರ್ ಅವರ ಐಫೋನಿಗೆ ಸಂದೇಹಾಸ್ಪದವಾದ ಸಂದೇಶವೊಂದು ಬಂದಿತು. ಅದರಲ್ಲಿದ್ದ ಕೊಂಡಿಯನ್ನು ಅವರು ಒತ್ತಲಿಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್‌ಗೆ ಕಳುಹಿಸಿದರು. ಅಲ್ಲಿಯವರೆಗೆ ಯಾರಿಗೂ ತಿಳಿಯದಿದ್ದ ಮೂರು ದೋಷಗಳ ಮೂಲಕ ಪೆಗಾಸಸ್ ಎಂಬ ಗೂಢಚಾರಿ ತಂತ್ರಾಂಶವನ್ನು ಒಳಗಿಳಿಸುವ ಹೊಂಚು ಅದಾಗಿತ್ತು. ಆಗಸ್ಟ್ 25ರಂದು ಆಪಲ್ ಕಂಪನಿಯು ತಿದ್ದುಪಡಿಯನ್ನು ಹೊರಡಿಸಿತು. ನಡುವೆ ಕಳೆದದ್ದು ಹದಿನೈದೇ ದಿನ. (ಫೋನು ಉಳಿಯಿತು, ಒಡೆಯರು ಉಳಿಯಲಿಲ್ಲ, ಮನ್ಸೂರ್ ಅವರನ್ನು 2017ರಲ್ಲಿ ಬಂಧಿಸಿ, ಮರುವರ್ಷ ಹತ್ತು ವರ್ಷಗಳ ಸೆರೆವಾಸ ವಿಧಿಸಲಾಯಿತು.)

ಇನ್ನು ತಿದ್ದುಪಡಿ ಬಂದರೂ ಬೇಡವೆನ್ನುವವರಿದ್ದಾರೆ. ನಮ್ಮ ದೊಡ್ಡಪ್ಪನವರು ಅಂಥವರಲ್ಲಿ ಒಬ್ಬರು. “ಇದನ್ನು ಹಾಕಿಕೊಂಡರೆ ಇದ್ದದ್ದು ಇದ್ದಲ್ಲಿ ಇರುವುದಿಲ್ಲ ಕಣಯ್ಯಾ” ಎಂಬುದು ಅವರ ದೂರು. ಇದನ್ನು ಬರಿಯ ಹಠವೆಂದು ನಾನು ತಳ್ಳಿಹಾಕಲಾರೆ. ಭದ್ರತೆಯ ತಿದ್ದುಪಡಿಯೊಡನೆ ಬಣ್ಣ, ಚಿತ್ರ, ಜೋಡಣೆಗಳ ಬದಲಾವಣೆಯನ್ನೂ ಬೆರೆಸಿ ಕಳುಹಿಸುವುದು ಎಷ್ಟೋ ಕಂಪನಿಗಳ ಅಭ್ಯಾಸ. ಬ್ಯಾಟರಿ ಸವೆದ ಹಳೆಯ ಐಫೋನುಗಳ ವೇಗವನ್ನು ಅಪ್‌ಡೇಟ್ ಮೂಲಕವೇ ತಗ್ಗಿಸಿದ್ದಾಗಿ ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಹೀಗಿರುವಾಗ ಜನರು ಶಂಕಿಸಿದರೆ ತಪ್ಪೇನು? ಆದರೂ ಮುನಿಸಿನಿಂದ ಬಾಗಿಲನ್ನು ತೆರೆದಿಟ್ಟರೆ ಹಾನಿ ಕಂಪನಿಗಲ್ಲ, ನಮಗೆ.

ನನ್ನನ್ನು ಹೆಚ್ಚು ಕಾಡುವುದು ತಿದ್ದುಪಡಿಯೇ ಬಾರದ ಫೋನುಗಳ ಸ್ಥಿತಿ. 2023ರ ಅಕ್ಟೋಬರ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ 8 ಫೋನಿಗೆ ಏಳು ವರ್ಷ ಅಪ್‌ಡೇಟ್ ಕೊಡುವುದಾಗಿ ಸಾರಿತು. 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಎಸ್24 ಫೋನಿಗೆ ಅಂಥದೇ ಮಾತು ಕೊಟ್ಟಿತು. ಸಂತೋಷವೇ. ಆದರೆ ಅವು ಬೆಲೆಬಾಳುವ ಫೋನುಗಳು. ಕೂಲಿ ಮಾಡುವ ತಾಯಿ ಮಗನ ಆನ್‌ಲೈನ್ ಪಾಠಕ್ಕೆಂದು 2020ರಲ್ಲಿ ಸಾಲ ಮಾಡಿ ಕೊಂಡ ಅಗ್ಗದ ಫೋನಿಗೆ ಇಂಥ ಮಾತನ್ನು ಕೊಟ್ಟವರಾರು? ಇಂದು ಆಕೆಯ ದುಡಿಮೆಯ ಹಣ ಅದೇ ಫೋನಿನ ಮೂಲಕ ಬಂದು ಹೋಗುತ್ತಿರಬಹುದು. ಹೊಸದನ್ನು ಕೊಳ್ಳಲಾರದವರ ಮನೆಯಲ್ಲಿಯೇ ಬಿರುಕು ಹೆಚ್ಚು ಕಾಲ ಉಳಿಯುತ್ತದೆ.

ಔಷಧದ ಪಟ್ಟಿಯ ಮೇಲೆ ಅದರ ಅವಧಿ ಮುಗಿಯುವ ದಿನಾಂಕವನ್ನು ಅಚ್ಚುಹಾಕಿರುತ್ತಾರೆ. ಫೋನಿನ ಪೆಟ್ಟಿಗೆಯ ಮೇಲೆಯೂ ತಿದ್ದುಪಡಿಗಳು ನಿಲ್ಲುವ ದಿನಾಂಕವನ್ನು ದಪ್ಪಕ್ಷರಗಳಲ್ಲಿ ಮುದ್ರಿಸಲೇಬೇಕೆಂಬುದು ನನ್ನ ಅಭಿಪ್ರಾಯ. ಇದು ಅಸಾಧ್ಯವಾದ ಬೇಡಿಕೆಯಲ್ಲ. ಭದ್ರತಾ ತಿದ್ದುಪಡಿಗಳು ಕನಿಷ್ಠ ಎಲ್ಲಿಯವರೆಗೆ ಬರುವುವೆಂಬುದನ್ನು ತಯಾರಕರು ಪ್ರಕಟಿಸಲೇಬೇಕೆಂಬ ಕಾನೂನು ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಲ್ಲಿದೆ. ಹಾಗೆ ಮಾಡಿದರೆ ಬೆಲೆ ಏರುವುದೆಂದು ಆಕ್ಷೇಪಿಸುವವರುಂಟು. ಏರಬಹುದು. ಆದರೆ ಎರಡೇ ವರ್ಷಕ್ಕೆ ಕೈಬಿಡುವ ಫೋನಿನ ನಿಜವಾದ ಬೆಲೆಯನ್ನು ಈಗ ಯಾರೂ ನಮಗೆ ಹೇಳುತ್ತಿಲ್ಲವಲ್ಲ!

ಮನೆಯಲ್ಲಿ ಆಂಡ್ರಾಯ್ಡ್ ಫೋನಿದ್ದರೆ ಅದರ ಸೆಟ್ಟಿಂಗ್ಸ್ ತೆರೆದು ನೋಡಿ. ಕೊನೆಯ ಭದ್ರತಾ ತಿದ್ದುಪಡಿಯ ದಿನಾಂಕ ಅಲ್ಲಿ ದೊರೆಯುತ್ತದೆ. ಅದು ವರ್ಷಗಳ ಹಿಂದಿನದಾಗಿದ್ದರೆ ಹಣದ ವ್ಯವಹಾರಕ್ಕೆ ಆ ಫೋನನ್ನು ನೆಚ್ಚುವುದು ಕ್ಷೇಮವಲ್ಲವೆಂದು ಹಿರಿಯರಿಗೆ ತಿಳಿಸಿ. ಹೊಸದನ್ನು ಕೊಳ್ಳುವಾಗ ಇದಕ್ಕೆ ಎಷ್ಟು ವರ್ಷ ತಿದ್ದುಪಡಿ ಬರುತ್ತದೆಂದು ಅಂಗಡಿಯಲ್ಲಿ ಕೇಳಿ. ಹೋದ ಸಲ ನಾನು ಕೇಳಿದಾಗ ಅಂಗಡಿಯಾತ ಕ್ಷಣಕಾಲ ನನ್ನ ಮುಖವನ್ನು ನೋಡಿ, ಕ್ಯಾಮೆರಾದ ಗುಣವನ್ನು ವರ್ಣಿಸತೊಡಗಿದ.