ಮರವಂತೆಯ ಕಲ್ಲು ಎಲ್ಲಿ ಹೋಯ್ತು?

1/6

ಮರವಂತೆಯ ಫೋಟೋ ನಿಮ್ಮೆಲ್ಲರ ಹತ್ರನೂ ಇದೆ. ನಡುವೆ ಹೆದ್ದಾರಿ 66, ಒಂದು ಪಕ್ಕ ಅರಬ್ಬಿ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಕುಂದಾಪುರದಿಂದ ಬೈಂದೂರು ಕಡೆ ಹೊರಟ ಟೂರಿಸ್ಟ್ ಗಾಡಿ ಅಲ್ಲಿ ನಿಲ್ಲದೆ ಮುಂದೆ ಹೋಗೋದೇ ಇಲ್ಲ.

ನಮ್ಮ ಟ್ರಿಪ್ ಮುಗಿದ ಮೇಲೆ ಕ್ಲಾಸ್ ಗ್ರೂಪಿಗೆ ಬಂದು ಬಿದ್ದ ಮರವಂತೆ ಫೋಟೋಗಳನ್ನ ಎಣಿಸಿದೆ. ಒಟ್ಟು 11. ಅದರಲ್ಲಿ 7 ಫೋಟೋದಲ್ಲಿ ದಡದ ಕಲ್ಲುಗಳೇ ಇಲ್ಲ! ಬಂಗಾರದ ಬಣ್ಣದ ಮರಳು, ಮೇಲೆ ಮೆತ್ತಗೆ ಬಂದು ಹೋಗೋ ಅಲೆ, ಅಷ್ಟೇ. ನಾನೂ ಅದೇ ಬಸ್ಸಲ್ಲಿ ಬಂದಿದ್ದೆ ಕಣ್ರೋ, ಅದೇ ಜಾಗದಲ್ಲಿ ನಿಂತಿದ್ದೆ. ಅಲ್ಲಿ ಲಾರಿಗಟ್ಟಲೆ ತಂದು ಸುರಿದ ಕಪ್ಪು ಬಂಡೆಗಳಿವೆ. ಸಮುದ್ರದೊಳಕ್ಕೆ ಇಂಗ್ಲಿಷಿನ ಟಿ ಅಕ್ಷರದ ಹಾಗೆ ಚಾಚಿದ ಕಲ್ಲಿನ ಸಾಲುಗಳಿವೆ. ಟನ್‌ಗಟ್ಟಲೆ ತೂಕದ ಕಲ್ಲನ್ನ ಮಳೆಗಾಲದ ಸಮುದ್ರಕ್ಕೇ ಸರಿಯಾಗಿ ಎತ್ತೋಕಾಗಿಲ್ಲ, ನೀವು ಒಂದು ಬೆರಳಲ್ಲಿ ಎತ್ತಿಬಿಟ್ರಿ.

ಫೋನಿನ ಆ ಇರೇಸರ್ ಬಟನ್ ಬಗ್ಗೆ ಈ ಸರಣಿ. ಸಿಟ್ಟಲ್ಲೇ ಬರೀತಿದ್ದೀನಿ. ಪೂರ್ತಿ ಓದಿ, ಆಮೇಲೆ ಕಮೆಂಟಲ್ಲಿ ಬೇಕಾದಷ್ಟು ಬಯ್ಯಿರಿ.

2/6

ಆ ಕಲ್ಲು ಯಾಕೆ ಬಂತು ಅಂತ ಕೇಳಿದ್ರೆ ಉತ್ತರ ಒಂದೇ ಪದ: ಕಡಲ್ಕೊರೆತ. ಉಳ್ಳಾಲ, ಸೋಮೇಶ್ವರ, ಮರವಂತೆ, ಪ್ರತಿ ಜೂನ್‌ನಲ್ಲಿ ಪೇಪರಿನಲ್ಲಿ ಇದೇ ಹೆಸರುಗಳು, ಇದೇ ಬುಡ ಕಿತ್ತ ತೆಂಗಿನಮರದ ಚಿತ್ರಗಳು. ಮಳೆಗಾಲದ ದೊಡ್ಡ ಅಲೆ ದಡದ ಮರಳನ್ನ ಎಳೆದುಕೊಂಡು ಹೋಗುತ್ತೆ, ಮಳೆ ಕಳೆದ ಮೇಲೆ ಸಣ್ಣ ಅಲೆ ಅದನ್ನ ಸ್ವಲ್ಪ ಸ್ವಲ್ಪವಾಗಿ ವಾಪಸ್ ತಂದು ಹಾಕುತ್ತೆ. ಇದು ಕಡಲಿನ ಹಳೇ ಲೆಕ್ಕ. ನದಿಯಿಂದ ಬರೋ ಮರಳು ಕಮ್ಮಿಯಾದ್ರೆ, ಇಲ್ಲಾ ಒಂದು ಕಡೆ ಬಂದರಿಗೋ ಅಳಿವೆಗೋ ಗೋಡೆ ಕಟ್ಟಿ ಮರಳಿನ ದಾರಿ ತಪ್ಪಿಸಿದ್ರೆ, ಲೆಕ್ಕ ಕೂಡಲ್ಲ. ಹೋದದ್ದು ಪೂರ್ತಿ ವಾಪಸ್ ಬರಲ್ಲ. ಮರವಂತೆಯಲ್ಲಿ ಸಮುದ್ರಕ್ಕೂ ನದಿಗೂ ಮಧ್ಯೆ ಇರೋದೇ ಒಂದು ಪಟ್ಟಿಯಷ್ಟು ನೆಲ. ಅಲ್ಲಿ ಸ್ವಲ್ಪ ಕೊರೆದ್ರೂ ರಸ್ತೆಗೇ ಕುತ್ತು.

ಕಲ್ಲು ಹಾಕಿದ್ದು ಸರಿಯಾ ಅನ್ನೋದೂ ಜಗಳದ ವಿಷಯವೇ. ಗೋಡೆ ಕಟ್ಟಿದ ಜಾಗ ಉಳಿಯುತ್ತೆ, ಪಕ್ಕದ ಜಾಗ ಇನ್ನೂ ಜೋರಾಗಿ ಕೊರೆಯುತ್ತೆ ಅನ್ನೋ ಮಾತಿದೆ, ಅದಕ್ಕೆ ಆಧಾರವೂ ಇದೆ. ಕಲ್ಲು ಹಾಕದಿದ್ರೆ ನಮ್ಮ ಮನೆ ಇರ್ತಾನೇ ಇರ್ಲಿಲ್ಲ ಅನ್ನೋರೂ ಅಲ್ಲೇ ಇದ್ದಾರೆ. ಈ ಜಗಳ ನಡೀಬೇಕು ಅಂದ್ರೆ ಮೊದಲು ಕಲ್ಲು ಕಣ್ಣಿಗೆ ಕಾಣಬೇಕಲ್ವಾ? ಬೆಂಗಳೂರಲ್ಲಿ ಕೂತವನಿಗೆ ಮರವಂತೆ ಅಂದ್ರೆ ನಿಮ್ಮ ಫೋಟೋನೇ. ಅದರಲ್ಲಿ ಕಲ್ಲಿಲ್ಲ ಅಂದ್ರೆ ಕೊರೆತನೂ ಇಲ್ಲ.

ಇನ್ನೊಂದು ಮಾತು. ಒಂದೇ ಜಾಗದಿಂದ, ಒಂದೇ ಕಡೆ ಮುಖ ಮಾಡಿ, ವರ್ಷಗಳ ಅಂತರದಲ್ಲಿ ತೆಗೆದ ಎರಡು ಸಾದಾ ಫೋಟೋ ಸಾಕು, ದಡ ಎಷ್ಟು ಹಿಂದೆ ಸರಿದಿದೆ ಅಂತ ಹೇಳೋಕೆ. ಮರವಂತೆಯಲ್ಲಿ ದಿನಾ ನೂರಾರು ಜನ ಹೆಚ್ಚುಕಮ್ಮಿ ಅದೇ ಫೋಟೋ ತೆಗೀತಾರೆ. ಅಷ್ಟು ದೊಡ್ಡ ದಾಖಲೆ ಬಿಟ್ಟಿಯಾಗಿ ತಯಾರಾಗ್ತಾ ಇದೆ, ನಾವದನ್ನ ಹಂಚೋ ಮೊದಲೇ ಕೆಡಿಸ್ತಾ ಇದ್ದೀವಿ.

3/6

ಈಗ ನಮ್ಮ ಕ್ಲಾಸಿನ ‘ಕ್ಯಾಮೆರಾದವರ’ ವಿಷಯಕ್ಕೆ ಬರೋಣ. ನಾವು ಇರೇಸರ್ ಮುಟ್ಟಲ್ಲ, ನಮ್ಮದು ಕಲೆ ಅಂತೀರಲ್ಲ, ನೀವೇ.

ಟ್ರೈಪಾಡ್, ಲೆನ್ಸಿನ ಮುಂದೆ ಕಪ್ಪು ಎನ್‌ಡಿ ಫಿಲ್ಟರ್, 30 ಸೆಕೆಂಡ್ ಎಕ್ಸ್‌ಪೋಶರ್. ಸಮುದ್ರ ಹಾಲಿನ ಹಾಗೆ, ಮಂಜಿನ ಹಾಗೆ ಬರುತ್ತೆ. ಚಂದ ಕಾಣುತ್ತೆ, ಇಲ್ಲ ಅನ್ನಲ್ಲ. ಆದ್ರೆ ಅಲ್ಲಿ ಏನಾಗುತ್ತೆ ನೋಡಿ. ಅಷ್ಟು ಹೊತ್ತು ಅಲುಗಾಡದೆ ನಿಂತದ್ದು ಮಾತ್ರ ಅಚ್ಚಾಗುತ್ತೆ. ಬಂಡೆ ಉಳಿಯುತ್ತೆ. ಬಲೆ ಎಳೆಯೋನು ಉಳಿಯಲ್ಲ, ಬುಟ್ಟಿ ಹೊತ್ತು ನಡೆದವಳು ಉಳಿಯಲ್ಲ. ಅಂದ್ರೆ ಆ ದಡದಲ್ಲಿ ಕೆಲಸ ಮಾಡೋರೆಲ್ಲ ಮಾಯ, ಸುಮ್ನೆ ಕೂತೋರು ಮಾತ್ರ ಹಾಜರ್. ಆಮೇಲೆ ಕ್ಯಾಪ್ಶನ್: ‘ನೀರವ ತೀರ’.

ರಂಪಣಿ ಅಂತ ಕೇಳಿದ್ದೀರಾ? ದಡದಿಂದಲೇ ಬಿಟ್ಟು ದಡಕ್ಕೇ ಎಳೆಯೋ ದೊಡ್ಡ ಬಲೆ. ಎರಡು ತುದಿಯಲ್ಲಿ ಹತ್ತಾರು ಜನ ನಿಂತು ಹಗ್ಗ ಎಳೀಬೇಕು, ಬಂದ ಮೀನಲ್ಲಿ ಎಳೆದವರಿಗೆಲ್ಲ ಪಾಲು. 1970ರ ದಶಕದ ಕೊನೆಯ ಹೊತ್ತಿಗೆ ಪರ್ಸೀನ್ ಬೋಟುಗಳು ಆಳ ಸಮುದ್ರದಲ್ಲೇ ಬಂಗುಡೆ, ಬೂತಾಯಿ ಹಿಂಡನ್ನ ಸುತ್ತುವರಿದು ಎತ್ತೋಕೆ ಶುರು ಮಾಡಿದವು, ದಡಕ್ಕೆ ಬರೋ ಮೀನು ಕಮ್ಮಿಯಾಯ್ತು, ದೊಡ್ಡ ರಂಪಣಿಗಳು ಮೂಲೆ ಸೇರಿದವು. ಈಗ ಉಳಿದಿರೋದು ಸಣ್ಣ ಕೈರಂಪಣಿ. ಬೆಳಗಿನ ಹೊತ್ತು ಬೀಚಿನಲ್ಲಿ ನಿಮ್ಮ ಫ್ರೇಮಿಗೆ ಅಡ್ಡ ಬರೋ ಆ ಹಗ್ಗ ಇದೆಯಲ್ಲ, ಅದು ಇದೇ. ಅರ್ಧ ಶತಮಾನದ ಹಿಂದೆ ಬೋಟು ತಳ್ಳಿದವರನ್ನ ಈಗ ಫಿಲ್ಟರ್ ತಳ್ಳುತ್ತಿದೆ.

ಮಳೆಗಾಲದ ಮಲ್ಪೆ ಫೋಟೋ ಕೂಡ ಹೀಗೇ. ಸಾಲಾಗಿ ಕಟ್ಟಿದ ಬೋಟುಗಳು, ಮೇಲೆ ಕಪ್ಪು ಮೋಡ, ಕೆಳಗೆ ‘ಶಾಂತಿ’ ಅಂತ ಒಂದು ಪದ. ಅದು ಶಾಂತಿ ಅಲ್ಲ ಮಾರಾಯ್ರೆ, ರಜೆ. ಸಂಬಳ ಇಲ್ಲದ ರಜೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಮೀನು ಮರಿ ಮಾಡೋ ಕಾಲ ಅಂತ. ನಿಷೇಧ ಬೇಕು. ಆದ್ರೆ ಆ ಸಾಲಿನ ಅರ್ಥ ಗೊತ್ತಿಲ್ಲದೆ ಅದಕ್ಕೆ ಧ್ಯಾನದ ಮ್ಯೂಸಿಕ್ ಹಾಕಿ ರೀಲ್ ಮಾಡೋದು ಬೇಡ.

4/6

ಘಟ್ಟ ಹತ್ತಿದ ಮೇಲಾದ್ರೂ ಸರಿಯಾಗಿದ್ದೀವಾ? ಇಲ್ಲ.

ಟ್ರಿಪ್ ಆಲ್ಬಮ್ಮಿನಲ್ಲಿ ಅತಿ ಹೆಚ್ಚು ಲೈಕ್ ಬಿದ್ದ ‘ಕಾಡಿನ’ ಫೋಟೋ, ಮಂಜಿನಲ್ಲಿ ಬಿಸಿಲಕೋಲು ಇಳಿಯೋದು ಇದೆಯಲ್ಲ, ಕೆಳಗೆ ‘ಕನ್ನೆ ಕಾಡು’ ಅಂತ ಬರೆದಿದ್ದು, ಅದು ಕಾಡೇ ಅಲ್ಲ. ಅಕೇಶಿಯಾ ನೆಡುತೋಪು. ಮರಗಳು ಸಾಲಾಗಿವೆ, ಎಲ್ಲಕ್ಕೂ ಒಂದೇ ವಯಸ್ಸು, ಒಂದೇ ಗಾತ್ರ. ಹತ್ತಿರ ಹೋದ್ರೆ ಕುಡುಗೋಲಿನಂತೆ ಬಾಗಿದ ಎಲೆ ಕಾಣುತ್ತೆ. ಅದೂ ನಿಜವಾದ ಎಲೆ ಅಲ್ಲ, ಎಲೆಯ ತೊಟ್ಟೇ ಚಪ್ಪಟೆಯಾಗಿ ಎಲೆಯ ಕೆಲಸ ಮಾಡ್ತಿರೋದು. ಆಸ್ಟ್ರೇಲಿಯಾ ಕಡೆಯ ಮರ, ಬೋಳು ಗುಡ್ಡ ಬೇಗ ಹಸಿರಾಗಲಿ, ಸೌದೆ ಆಗಲಿ ಅಂತ ಕರಾವಳಿ-ಮಲೆನಾಡಿನ ತುಂಬ ನೆಟ್ಟರು. ಬೀಚಿನ ಪಕ್ಕದ ಗಾಳಿಮರವೂ ನೆಟ್ಟದ್ದೇ, ಕಾರವಾರ ಕಡೆ 1860ರ ದಶಕದಲ್ಲೇ ಶುರುವಾದದ್ದು. ಅಕೇಶಿಯಾ ಫೋಟೋ ತೆಗೀಬೇಡಿ ಅಂತಿಲ್ಲ. ಅದರ ಹೆಸರು ಹೇಳಿ ಅಂತಿದ್ದೀನಿ. ದನ ಬಾಯಿ ಹಾಕದ ತೋಪನ್ನ ಕನ್ನೆ ಕಾಡು ಅಂತ ಕರೆದ್ರೆ ನಿಜವಾದ ಕಾಡು ಹೋದದ್ದು ಯಾರಿಗೆ ಗೊತ್ತಾಗುತ್ತೆ?

ಇದಕ್ಕೆ ಉಲ್ಟಾ ತಮಾಷೆನೂ ಇದೆ. ಶಿರಸಿ ಕಡೆ ರಸ್ತೆ ಪಕ್ಕ ಟೊಂಗೆ ಕಡಿದ, ಕಂಬದ ಹಾಗೆ ನಿಂತ ಮರಗಳು ಕಂಡ್ವಲ್ಲ, ಬಸ್ಸಲ್ಲಿ ಒಬ್ಬರು ‘ಛೇ, ಫ್ರೇಮ್ ಹಾಳಾಯ್ತು’ ಅಂದ್ರು. ಅದು ಸೊಪ್ಪಿನ ಬೆಟ್ಟ. ಅಡಿಕೆ ತೋಟಕ್ಕೆ ಗೊಬ್ಬರ ಬರೋದೇ ಆ ಸೊಪ್ಪಿನಿಂದ, ಬಿದ್ದ ದರಕಿನಿಂದ. ಮನುಷ್ಯರು ಬಳಸಿಕೊಂಡೇ ತಲೆಮಾರುಗಳಿಂದ ಉಳಿಸಿಕೊಂಡ ಮರಗಳು ನಮ್ಮ ಕಣ್ಣಿಗೆ ಕುರೂಪ, ಹಾಗಾಗಿ ಕ್ರಾಪ್. 1983ರಲ್ಲಿ ಅಪ್ಪಿಕೋ ಚಳವಳಿ ಶುರುವಾದದ್ದು ಇದೇ ಸೀಮೆಯಲ್ಲಿ. ಮರ ತಬ್ಬಿ ಕೊಡಲಿ ತಡೆದದ್ದು ಅಲ್ಲೇ ಬದುಕೋ ಜನ, ನೋಡೋಕೆ ಬಂದವರಲ್ಲ.

ತುಳಸಿ ಗೌಡರ ಫೋಟೋ ನೀವೆಲ್ಲ ಶೇರ್ ಮಾಡಿದ್ರಿ. 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಹೋಗಿ ಪದ್ಮಶ್ರೀ ತಗೊಂಡ್ರಲ್ಲ, ಅಂಕೋಲಾ ತಾಲೂಕಿನ ಹೊನ್ನಳ್ಳಿಯ ಹಾಲಕ್ಕಿ ಅಜ್ಜಿ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಯಾಗಿ ಶುರು ಮಾಡಿ ಜೀವಮಾನವಿಡೀ ಸಸಿ ಮಾಡಿದವರು, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಆವತ್ತು ನಿಮ್ಮ ಸ್ಟೋರಿ ತುಂಬ ಅವರದೇ ಮುಖ. ಅದೇ ಅಂಕೋಲಾ ದಾರಿಯಲ್ಲಿ ತಲೆ ಮೇಲೆ ಸೌದೆ ಹೊತ್ತು ಬರ್ತಿದ್ದ ಇನ್ನೊಬ್ಬ ಅಜ್ಜಿ ನಿಮ್ಮ ಫ್ರೇಮಿಗೆ ಬಂದ್ರೆ? ಇರೇಸರ್.

5/6

ನೀವು ಹೇಳೋದೂ ನಂಗೆ ಗೊತ್ತು. ‘ಕ್ಯಾಮೆರಾ ಎಲ್ಲಿಡಬೇಕು ಅನ್ನೋದೇ ಆಯ್ಕೆ, ಏನೋ ಒಂದು ಹೊರಗೆ ಉಳಿದೇ ಉಳಿಯುತ್ತೆ.’ ಒಪ್ಪಿದೆ. ಎಡಕ್ಕೆ ಎರಡು ಹೆಜ್ಜೆ ಸರಿದು ಕರೆಂಟ್ ಕಂಬ ತಪ್ಪಿಸಿ, ನನ್ನ ಅಡ್ಡಿ ಇಲ್ಲ. ನೀವು ನಿಂತ ಜಾಗದಲ್ಲಿ ನಾಳೆ ಇನ್ನೊಬ್ಬರು ನಿಂತ್ರೆ ಅವರಿಗೂ ಅದೇ ಕಾಣುತ್ತೆ. ಇರೇಸರ್ ಒತ್ತಿದ ಮೇಲೆ ಬರೋ ಜಾಗ ಎಲ್ಲಿ ನಿಂತ್ರೂ ಕಾಣಲ್ಲ, ಯಾಕಂದ್ರೆ ಅದು ಇಲ್ಲವೇ ಇಲ್ಲ. ಬೆಳಕು ಏರಿಸಿ, ಬಣ್ಣ ಸರಿ ಮಾಡಿ, ಕಪ್ಪು ಬಿಳುಪು ಮಾಡಿ, ಅದೆಲ್ಲ ಬೇರೆ ಮಾತು.

‘ದೊಡ್ಡ ದೊಡ್ಡವರೇ ಅಳಿಸಿದ್ದಾರೆ’ ಅಂತನೂ ಅಂತೀರಿ. ಹೌದು. ಲ್ಯಾಂಡ್‌ಸ್ಕೇಪ್ ಅಂದ ಕೂಡಲೇ ನಾವೆಲ್ಲ ಹೆಸರು ಹೇಳೋ ಅಮೆರಿಕದ ಆನ್ಸೆಲ್ ಆಡಮ್ಸ್ 1944ರಲ್ಲಿ ಕ್ಯಾಲಿಫೋರ್ನಿಯಾದ ಲೋನ್ ಪೈನ್ ಊರಿಂದ ಸಿಯೆರಾ ನೆವಾಡಾ ಬೆಟ್ಟಗಳ ಫೋಟೋ ತೆಗೆದ. ಹಿಂದೆ ಹಿಮದ ಶಿಖರ, ಮಧ್ಯೆ ಕಪ್ಪು ಗುಡ್ಡ, ಮುಂದೆ ಬಿಸಿಲಲ್ಲಿ ಮೇಯೋ ಕುದುರೆ. ಆ ಕಪ್ಪು ಗುಡ್ಡದ ಮೇಲೆ ಊರಿನ ಹೈಸ್ಕೂಲ್ ಮಕ್ಕಳು ಸುಣ್ಣ ಬಳಿದ ಕಲ್ಲು ಜೋಡಿಸಿ ತಮ್ಮೂರಿನ ಎರಡು ಅಕ್ಷರ ಬರೆದಿದ್ರು, ‘ಎಲ್‌ಪಿ’ ಅಂತ. ಆಡಮ್ಸ್ ಅದನ್ನ ಅಳಿಸಿಹಾಕಿದ. ಅಳಿಸಿದ್ದನ್ನ ಮುಚ್ಚಿಡಲಿಲ್ಲ, ಪುಸ್ತಕದಲ್ಲಿ ತಾನೇ ಬರೆದ. ಅದೇ ದಿನಗಳಲ್ಲಿ ಪಕ್ಕದ ಮಂಜನಾರ್ ಶಿಬಿರದಲ್ಲಿ ಸರ್ಕಾರ ಕೂಡಿಹಾಕಿದ್ದ ಜಪಾನಿ ಮೂಲದ ಅಮೆರಿಕನ್ನರ ಮುಖಗಳನ್ನೂ ತೆಗೆದು ಪುಸ್ತಕ ಮಾಡಿದ. ನಾವು ಅವನಿಂದ ಕಲಿತದ್ದು ಅಳಿಸೋದನ್ನ ಮಾತ್ರ. ನನಗಂತೂ ಆ ಫೋಟೋದಲ್ಲಿ ಈಗ ಕುದುರೆ ಕಾಣಲ್ಲ, ಇಲ್ಲದ ಆ ಎರಡು ಅಕ್ಷರವೇ ಕಾಣುತ್ತೆ. ಅದನ್ನ ಬರೆದವರು ನಮ್ಮ ವಯಸ್ಸಿನವರು ಕಣ್ರೋ.

‘ಜನರ ಮುಖ ಕೇಳದೆ ಹಾಕೋದು ತಪ್ಪಲ್ವಾ?’ ಇದು ಒಳ್ಳೇ ಪ್ರಶ್ನೆ. ತಪ್ಪೇ. ಹಾಗಾದ್ರೆ ಕೇಳಿ. ‘ಅಕ್ಕಾ, ಒಂದು ಫೋಟೋ ತೆಗೀಲಾ?’ ಅನ್ನೋಕೆ ನಾಲ್ಕು ಸೆಕೆಂಡ್ ಸಾಕು. ಬೇಡ ಅಂದ್ರೆ ಕ್ಯಾಮೆರಾ ಇಳಿಸಿ. ದೋಣಿಗೆ, ಬಲೆಗೆ, ಒಣಮೀನಿನ ಚಪ್ಪರಕ್ಕೆ ಮುಖ ಇಲ್ಲ, ಅವನ್ನ ಅಳಿಸೋಕೆ ಆ ನೆಪನೂ ಇಲ್ಲ.

6/6

ಕೊನೇ ಜಾಗ, ಹೊನ್ನಾವರದ ಕಾಸರಕೋಡು. ಅಲ್ಲಿನ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲಾಗ್ ಸಿಕ್ಕಿತು, ಪಡುಬಿದ್ರಿ ಜೊತೆಗೇ. ನೀಲಿ ಬಾವುಟ, ಗುಡಿಸಿದ ಮರಳು, ನಮ್ಮೆಲ್ಲರ ಸೆಲ್ಫಿ. ಅದೇ ಕಾಸರಕೋಡಿನಲ್ಲಿ ಟೊಂಕ ಇದೆ. ಅಲ್ಲಿ ಹೆಂಗಸರು ಮರಳ ಮೇಲೆ ಮೀನು ಹರವಿ ಒಣಗಿಸ್ತಾರೆ, ಆಲಿವ್ ರಿಡ್ಲೆ ಕಡಲಾಮೆ ಬಂದು ಮೊಟ್ಟೆ ಇಡುತ್ತೆ, ಖಾಸಗಿ ಬಂದರು ಯೋಜನೆ ಬೇಡ ಅಂತ ಮೀನುಗಾರರು ವರ್ಷಗಳಿಂದ ಹೋರಾಡ್ತಿದ್ದಾರೆ. ನಮ್ಮ ಗ್ರೂಪಿನಲ್ಲಿ ಬ್ಲೂ ಫ್ಲಾಗ್ ಫೋಟೋ ಲೆಕ್ಕವಿಲ್ಲದಷ್ಟು. ಟೊಂಕದ್ದು ಒಂದು. ಅದರಲ್ಲೂ ಮೀನಿಲ್ಲ, ಮನುಷ್ಯರಿಲ್ಲ, ‘ಯಾರೂ ಕಾಣದ ಬೀಚ್’ ಅಂತ ಬರೆದಿದೆ.

ಯಾರೂ ಕಾಣದ? ಒಂದು ತೀರದಲ್ಲಿ ಯಾರೂ ಇಲ್ಲ ಅಂತ ತೋರಿಸೋ ಫೋಟೋ ಯಾರಿಗೆ ಉಪಯೋಗಕ್ಕೆ ಬರುತ್ತೆ ಹೇಳಿ. ಅಲ್ಲಿ ಇರೋರಿಗಂತೂ ಅಲ್ಲ. ಫೋಟೋ ನೋಡಿ ಬಂದ ಟೂರಿಸ್ಟ್ ಮೂಗು ಮುಚ್ಚಿಕೊಂಡು ‘ಇಲ್ಲೇನು ಮೀನಿನ ವಾಸನೆ’ ಅಂತಾನೆ. ವಾಸನೆ ಅವನಿಗಿಂತ ಮೊದಲಿಂದ ಅಲ್ಲಿದೆ. ಅದನ್ನ ಹೇಳದೆ ಅವನನ್ನ ಕರೆದವರು ನಾವು.

(ಆಮೆ ಗೂಡು ಕಂಡ್ರೆ ಮಾತ್ರ ಲೊಕೇಶನ್ ಹಾಕಬೇಡಿ, ರಾತ್ರಿ ಫ್ಲ್ಯಾಶ್, ಟಾರ್ಚ್ ಬೇಡವೇ ಬೇಡ. ಬೆಳಕಿಗೆ ಮರಿಗಳು ಸಮುದ್ರ ಬಿಟ್ಟು ಈ ಕಡೆ ಹರಿದುಬರ್ತಾವೆ.)

ಈಗ ಕೆಲಸದ ಮಾತು. ಇರೇಸರ್ ಮಾಡಿದ ಫೋಟೋದ ಮೂಲ ಬಹಳಷ್ಟು ಫೋನಿನಲ್ಲಿ ಹಾಗೇ ಇರುತ್ತೆ, ಎಡಿಟ್‌ಗೆ ಹೋಗಿ ‘ರಿವರ್ಟ್’ ಒತ್ತಿ ನೋಡಿ. ಮರವಂತೆ, ಮಲ್ಪೆ, ಶಿರಸಿ ದಾರಿ, ಕಾಸರಕೋಡು, ಯಾವುದಾದ್ರೂ ಸರಿ. ತಾರೀಖು, ನಿಂತ ಜಾಗ ಬರೆದು ಶನಿವಾರದೊಳಗೆ ನಂಗೆ ಕಳಿಸಿ. ಕಲ್ಲು, ಹಗ್ಗ, ಒಣಮೀನು, ಕಡಿದ ಟೊಂಗೆ ಎಲ್ಲ ಇರಲಿ. ನಿಮ್ಮ ಹೆಸರಿನ ಜೊತೆಗೇ ಹಾಕ್ತೀನಿ. ಆ 7 ಜನ ಯಾರು ಅಂತ ನಂಗೆ ಗೊತ್ತು, ನಿಮ್ಮದು ಮೊದಲು ಬರಲಿ.

#ಮರವಂತೆ #ಕರಾವಳಿ #ಸೊಪ್ಪಿನಬೆಟ್ಟ #ಕೈರಂಪಣಿ #ಕಲ್ಲುಇರಲಿ